ಧೂಳು ಬಂದ ಶುಕ್ರವಾರ

ಕೊಲ್ಲಿ ದೇಶವೊಂದರ ಖೈತಾನ್ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಗೆ ವೈಲೆಟ್ ಬಾಡಿಗೆಗೆ ಬಂದಾಗ ಮಗಳು ಜಾನಿಸ್ ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಅದೇ ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಮನೆಯೆಂದರೆ ಮಲಗುವ ಕೋಣೆ ಒಂದು, ಹೊರಕೋಣೆ ಒಂದು, ಇಬ್ಬರು ನಿಂತರೆ ಮೊಣಕೈ ತಾಗುವಂಥ ಅಡುಗೆಮನೆ. ಹೊರಕೋಣೆಯ ಕಿಟಕಿಯ ಬದಿಯಲ್ಲಿ ವೈಲೆಟಳ ಹೊಲಿಗೆ ಯಂತ್ರ. ನರ್ಸುಗಳ ಯೂನಿಫಾರ್ಮ್ ಬಿಗಿ ಮಾಡಿಕೊಡುವುದು, ಅರಬ್ಬಿ ಹೆಂಗಸರ ಉದ್ದದ ಅಬಾಯಾಗಳ ಅಂಚು ಮಡಚಿ ಹೊಲಿಯುವುದು ಅವಳ ಕೆಲಸ. ಗಂಡ ಮಥಾಯಸ್ ಅರ್ದಿಯಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಬೆಳಿಗ್ಗೆ ಕಂಪೆನಿಯ ವ್ಯಾನು ಕೆಳಗೆ ಬಂದು ಹಾರ್ನ್ ಹೊಡೆದರೆ ಚಹಾ ಅರ್ಧಕ್ಕೇ ಬಿಟ್ಟು ಇಳಿದು ಹೋಗುವವನು.

ಒಂದು ದಿನ ವ್ಯಾನು ಬರಲಿಲ್ಲ. ಮಥಾಯಸ್ ಬಸ್ಸು ಹತ್ತಿ ಅರ್ದಿಯಾಕ್ಕೆ ಹೋದ. ಗೋದಾಮಿನ ಬಾಗಿಲಿಗೆ ಹೊಸ ಬೀಗ. ಮಾಲೀಕರಾಗಿದ್ದ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾಗಿದ್ದರು, ಕಂಪೆನಿ ಖಲಾಸ್. ಕೊನೆಯ ತಿಂಗಳುಗಳ ಸಂಬಳವೂ ಇಲ್ಲ, ಇಷ್ಟು ವರ್ಷ ದುಡಿದ ಸರ್ವಿಸಿನ ದುಡ್ಡೂ ಇಲ್ಲ. ಕಾರ್ಮಿಕ ಕಚೇರಿಯಲ್ಲಿ ದೂರು ಕೊಟ್ಟದ್ದಾಯಿತು. ಅದು ಮುಗಿಯುವವರೆಗೆ ಇನ್ನೊಬ್ಬ ಕಫೀಲ್‌ನ, ಅಂದರೆ ವೀಸಾ ಕೊಡುವ ಧಣಿಯ, ಕೈಕೆಳಗೆ ಕೆಲಸಕ್ಕೆ ಸೇರುವಂತಿರಲಿಲ್ಲ. ಊರಿಗೆ ಹೋಗೋಣವೆಂದರೆ ದೂರು ಅಲ್ಲಿಗೇ ಸತ್ತಂತೆ. ಅಲ್ಲದೆ ಕಿನ್ನಿಗೋಳಿಯಲ್ಲಿದ್ದ ಐದು ಸೆಂಟ್ಸಿನ ಮನೆಯನ್ನು ಮಥಾಯಸನ ಅಮ್ಮನ ಆಪರೇಷನ್ನಿಗೆಂದು ಎಂದೋ ಮಾರಿಯಾಗಿತ್ತು.

ಹೊಲಿಗೆಯ ದುಡ್ಡಿನಲ್ಲಿ ಅಕ್ಕಿ, ಮೀನು, ಸ್ಕೂಲಿನ ಫೀಸು ಹೇಗೋ ನಡೆಯಿತು. ಬಾಡಿಗೆ ಮಾತ್ರ ಹಿಂದೆ ಬಿತ್ತು. ಕಟ್ಟಡದ ಕಾವಲು ಕಾಯುತ್ತ ಬಾಡಿಗೆಯನ್ನೂ ವಸೂಲು ಮಾಡುವ ಹಾರಿಸ್ ಮೊದಮೊದಲು ‘ಬುಕ್ರಾ, ಬುಕ್ರಾ’, ನಾಳೆ ನಾಳೆ ಎಂಬ ಅವಳ ವಾಯಿದೆಗೆ ತಲೆಯಾಡಿಸುತ್ತಿದ್ದ. ಆಮೇಲೆ ಅವನೂ ಮುಖ ತಿರುಗಿಸಿದ. ಕಟ್ಟಡದ ವ್ಯವಹಾರ ನೋಡಿಕೊಳ್ಳುವ ಸಿಟಿಯ ಆಫೀಸಿನವರು ಕೋರ್ಟಿಗೆ ಹೋದರು. ಹಳೆಯ ಬಾಡಿಗೆದಾರರು ಎದ್ದು ಹೋದರೆ ಹೊಸಬರಿಂದ ಹೆಚ್ಚು ಬಾಡಿಗೆ ಸಿಗುತ್ತದೆಂಬುದು ಅವರ ಲೆಕ್ಕ. ಮಾರ್ಚ್ ತಿಂಗಳ ಕೊನೆಯಲ್ಲಿ, ಜಾನಿಸಳ ಪರೀಕ್ಷೆಯ ನಡುವೆ, ಒಂದು ಭಾನುವಾರ ಮನೆ ಖಾಲಿ ಮಾಡಬೇಕೆಂದು ಆದೇಶವಾಯಿತು. ದೇಶಕ್ಕೆ ಐವತ್ತು ವರ್ಷ ತುಂಬಿದ ಸಂಭ್ರಮದ ದೀಪದ ಮಾಲೆಗಳು ಆಗ ಇನ್ನೂ ರಸ್ತೆಯ ಉದ್ದಕ್ಕೂ ತೂಗುತ್ತಿದ್ದವು.

“ನನಗೆ ಯಾವುದಾದರೂ ಬ್ಯಾಚುಲರ್ ರೂಮಿನಲ್ಲಿ ಒಂದು ಚಾಪೆಯ ಜಾಗ ಸಿಗ್ತದೆ. ನಿಮಗೆ ಇಬ್ಬರಿಗೆ ಎಂತ ಮಾಡುವುದು?” ಎಂದು ಮಥಾಯಸ್ ಒಂದು ಮಧ್ಯಾಹ್ನ ಕೇಳಿದ. ಅವನ ದನಿ ತೀರ ಸಣ್ಣದಾಗಿತ್ತು. ವೈಲೆಟ್ ಯಂತ್ರವನ್ನು ಜೋರಾಗಿ ತುಳಿದಳು.

ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ಕೊಟ್ಟು ಗೊತ್ತು, ಇಗರ್ಜಿಯ ಹಬ್ಬಕ್ಕೆ ನೂರಾರು ಜನರಿಗೆ ಅಕ್ಕಿಯ ಸನ್ನ ಬೇಯಿಸಿಕೊಟ್ಟವಳು. ಕೊನೆಗೆ ಹೋದದ್ದು ಮಗ್ದಲೀನಳ ಹತ್ತಿರ. ಮಗ್ದಲೀನ್ ದೊಡ್ಡಾಸ್ಪತ್ರೆಯಲ್ಲಿ ಹಿರಿಯ ನರ್ಸು. ಇಗರ್ಜಿಯ ನಾಲ್ಕಾರು ಮಂದಿಯನ್ನು ಸೇರಿಸಿಕೊಂಡು, ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವವರಿಗೆಂದೇ ಒಂದು ನೆರವಿನ ನಿಧಿ ನಡೆಸುತ್ತಿದ್ದಳು. ಮನೆ ಬಿಡಬೇಕಾದ ಭಾನುವಾರಕ್ಕೆ ಎರಡೇ ದಿನ ಇರುವಾಗ, ಶುಕ್ರವಾರದ ಬೆಳಗಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂಭಾಗದ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು.

“ಇಷ್ಟು ದಿವಸ ಬಾಯಿ ಮುಚ್ಚಿ ಕೂತದ್ದು ಯಾಕೆ ನೀನು?” ಎಂದು ಮಗ್ದಲೀನ್ ಮೊದಲು ಗದರಿದಳು. ಆಮೇಲೆ ಅವಳ ಕೈ ಹಿಡಿದುಕೊಂಡಳು. “ನೋಡು ವೈಲೆಟ್, ಬಾಕಿ ಇರುವ ಬಾಡಿಗೆ ನಾವು ಕಟ್ಟುತ್ತೇವೆ. ಇದು ನನ್ನ ದುಡ್ಡಲ್ಲ, ನೀನು ನಾಚಿಕೆ ಮಾಡ್ಲಿಕ್ಕಿಲ್ಲ. ಮನೆಗೆಲಸದ ಹುಡುಗಿಯರು ಕೊಟ್ಟದ್ದುಂಟು, ಲಾಂಡ್ರಿಯವರು ಕೊಟ್ಟದ್ದುಂಟು. ಆದ್ರೆ ಒಂದು ಮಾತು. ಇವತ್ತು ನಾವು ಕಟ್ಟಿ, ನಾಳೆ ಅವರು ನಿನ್ನನ್ನು ಹೊರಗೆ ಹಾಕಿದ್ರೆ ಅದು ಮರಳಿಗೆ ಹೊಯ್ದ ನೀರು. ‘ಕೇಸು ಬಿಡ್ತೇನೆ, ಇವರು ಇಲ್ಲೇ ಇರಲಿ’ ಅಂತ ಧಣಿಯ ಒಪ್ಪಿಗೆ ಬೇಕು. ಅದಿಲ್ಲದೆ ಕೊಡುವ ಹಾಗಿಲ್ಲ.”

“ಆಫೀಸಿನವರು ಒಪ್ಪುದಿಲ್ಲ. ಮೂರು ಸಲ ಹೋದೆ. ಕುರ್ಚಿ ಸಹ ಕೊಡ್ಲಿಲ್ಲ.”

“ಆಫೀಸನ್ನು ಬಿಡು. ಧಣಿ ಯಾರು?”

ಅದು ವೈಲೆಟಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಯಾರ ಮಾಡಿನ ಕೆಳಗೆ ಮಲಗಿದ್ದೇನೆಂದು ಅವಳು ಒಮ್ಮೆಯೂ ವಿಚಾರಿಸಿರಲಿಲ್ಲ.

ಗೊತ್ತಿದ್ದದ್ದು ಕೆಳಗಿನ ಮಹಡಿಯ ಪಾತುವಿಗೆ. ಪಾತು ಉಳ್ಳಾಲದವಳು. ಅವಳ ಗಂಡ ಮೊಯ್ದೀನ್ ಕುಂಞಿ ಪಿಕಪ್ ಓಡಿಸುತ್ತಿದ್ದ. ದಕ್ಷಿಣದ ವಫ್ರಾದ ತೋಟಗಳಿಂದ ಟೊಮೆಟೊ, ಸೌತೆ ತುಂಬಿಕೊಂಡು ಸಿಟಿಯ ಮಾರ್ಕೆಟಿಗೆ ಹಾಕುವುದು ಅವನ ಕೆಲಸ. ಇಗರ್ಜಿಯಿಂದ ಬಂದ ವೈಲೆಟ್ ಮೆಟ್ಟಿಲಲ್ಲೇ ನಿಂತು ಕಥೆ ಹೇಳಿದಾಗ ಪಾತು ಒಳಗೆ ತಿರುಗಿ ಗಂಡನನ್ನು ಕೂಗಿದಳು.

“ಬು ಜಾಸಿಮ್ ಅಲ್ವಾ ಈ ಬಿಲ್ಡಿಂಗಿನವರು?”

“ಹೌದು. ಜಾಸಿಮನ ಅಪ್ಪ,” ಎಂದ ಮೊಯ್ದೀನ್ ಕುಂಞಿ ಹೊರಗೆ ಬಂದು. “ವಫ್ರಾದಲ್ಲಿ ಅವರ ತೋಟ ಉಂಟು. ಮಾಲು ಎತ್ಲಿಕ್ಕೆ ನಾನು ಹೋಗ್ತಾ ಇರ್ತೇನೆ. ಶುಕ್ರವಾರ ಊಟಕ್ಕೆ ಇಡೀ ಕುಟುಂಬ ಅಲ್ಲೇ ಇರ್ತದೆ. ಒಳ್ಳೆ ಜನ ವೈಲೆಟ್ ಬಾಯಿ, ಆದ್ರೆ ವ್ಯಾಪಾರದಲ್ಲಿ ಖಡಕ್.”

“ಇವತ್ತು ಶುಕ್ರವಾರವೇ ಅಲ್ವಾ?” ಎಂದಳು ಪಾತು. “ಹೊರಡಿ. ನಾನೂ ಬರ್ತೇನೆ. ಒಬ್ಬಳೇ ಹೆಂಗಸು ಹೋಗಿ ನಿಲ್ಲುವುದು ಚಂದವಾ?”

“ಮೊಯ್ದೀನ್ ಕಾಕ, ನಿಮಗೆ ತೊಂದ್ರೆ—”

“ಎಂತ ತೊಂದ್ರೆ! ಖಾಲಿ ಗಾಡಿ. ಮಧ್ಯಾಹ್ನದ ನಮಾಜು ಮುಗಿಸಿ, ಚಲೋ.”

ಮಥಾಯಸನಿಗೆ ಹೇಳಿದಾಗ ಅವನು ತಾನೂ ಬರುತ್ತೇನೆಂದು ಎದ್ದ. ವೈಲೆಟ್ ಬೇಡವೆಂದಳು. ದಾರಿಯಲ್ಲಿ ಪೊಲೀಸರು ಇಕಾಮಾ, ಅಂದರೆ ವಾಸದ ಪರವಾನಗಿ, ಕೇಳಿದರೆ ಅವನದ್ದು ಅವಧಿ ಮೀರಿತ್ತು. ಜಾನಿಸ್ ಪುಸ್ತಕದಿಂದ ಮುಖವೆತ್ತಿ “ಮಮ್ಮಿ, ಡೋಂಟ್ ಬೆಗ್, ಓಕೆ? ಜಸ್ಟ್ ಆಸ್ಕ್,” ಎಂದಳು. ಎರಡಕ್ಕೂ ವ್ಯತ್ಯಾಸವೇನೆಂದು ಮೆಟ್ಟಿಲಿಳಿಯುವಾಗ ವೈಲೆಟ್ ಯೋಚಿಸುತ್ತಲೇ ಇದ್ದಳು.

ಆ ದಿನ ಆಕಾಶ ತೊಳೆದಿಟ್ಟಂತಿತ್ತು. ಎಗೈಲಾದ ಶಾಪಿಂಗ್ ಮಾಲುಗಳು ಹಿಂದೆ ಸರಿದ ಮೇಲೆ ಎರಡೂ ಕಡೆ ಬರೀ ಮರುಭೂಮಿ. ವಸಂತದ ಮಳೆಗೆ ಅಲ್ಲಲ್ಲಿ ಹಸಿರು ಮೂಡಿದ ನೆಲದಲ್ಲಿ ಬಿಳಿಯ ಟೆಂಟುಗಳು. ಅವುಗಳಾಚೆ ತಲೆಬಾಗಿಸಿ ಏಳುವ ಎಣ್ಣೆಯ ಪಂಪುಗಳು. ಪಾತು ಇಡೀ ದಾರಿ ಮಾತಾಡಿದಳು. ವೈಲೆಟ್ ಮಾತ್ರ ತನಗೆ ಗೊತ್ತಿದ್ದ ಹರಕುಮುರುಕು ಅರಬ್ಬಿಯನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಹೊಲಿಗೆಯ ಅರಬ್ಬಿ: ಉದ್ದ, ಗಿಡ್ಡ, ಬಿಗಿ, ಸಡಿಲ, ನಾಳೆ ಬನ್ನಿ. ಮನೆ ಉಳಿಸಿಕೊಡಿ ಎನ್ನಲು ಅದರಲ್ಲಿ ಮಾತೇ ಇರಲಿಲ್ಲ.

ಬು ಜಾಸಿಮರ ತೋಟ ಅವಳು ನೆನೆಸಿದ್ದಕ್ಕಿಂತ ದೊಡ್ಡದಿತ್ತು. ಪ್ಲಾಸ್ಟಿಕ್ ಹೊದೆಸಿದ ಹಸಿರುಮನೆಗಳು ಸಾಲುಸಾಲಾಗಿ ಮಲಗಿದ್ದವು. ನಡುವೆ ಕಾಂಕ್ರೀಟಿನ ಒಂದು ಉದ್ದನೆಯ ಉಗ್ರಾಣ. ಅದರಾಚೆ ಆಳುಗಳ ತಗಡಿನ ಕೊಠಡಿಗಳು. ಈಚೆ ಖರ್ಜೂರದ ಮರಗಳ ಕೆಳಗೆ ದೊಡ್ಡ ಟೆಂಟು. ಟೆಂಟಿನೊಳಗೆ ಮಕ್ಕಳು ಕೇಕೆ ಹಾಕುತ್ತಿದ್ದರು. ಬು ಜಾಸಿಮ್ ಅರವತ್ತು ದಾಟಿದ ಎತ್ತರದ ಮನುಷ್ಯ. ಬಂದವರನ್ನು ಕೂರಿಸಿ, ಚಹಾ ತರಿಸಿ, ಅವರು ಒಂದು ಗುಟುಕು ಕುಡಿಯುವ ತನಕ ಏನೂ ಕೇಳಲಿಲ್ಲ.

ಆಮೇಲೆ ಮೊಯ್ದೀನ್ ಕುಂಞಿ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದ. ಇಗರ್ಜಿಯವರು ಬಾಕಿ ಕಟ್ಟಲು ತಯಾರಿದ್ದಾರೆ, ಬೇಕಾದದ್ದು ನಿಮ್ಮ ಒಂದು ಮಾತು, ಹುಡುಗಿಗೆ ಪರೀಕ್ಷೆ ನಡೆಯುತ್ತಿದೆ. ಬು ಜಾಸಿಮ್ ಮಣಿಸರ ತಿರುಗಿಸುತ್ತ ಕೇಳಿದರು. ಕೊನೆಗೆ ವೈಲೆಟಳ ಕಡೆ ನೋಡಿ ನಿಧಾನವಾಗಿ ಹೇಳಿದ್ದನ್ನು ಮೊಯ್ದೀನ್ ಕುಂಞಿ ಕನ್ನಡಕ್ಕೆ ತಂದ.

“ನಿಮ್ಮ ಕಷ್ಟ ಸುಳ್ಳು ಅಂತ ನಾನು ಹೇಳುದಿಲ್ಲ ಅಂತಾರೆ. ಆದ್ರೆ ಕಟ್ಟಡದ ವಿಷಯ ಆಫೀಸಿಗೆ ಬಿಟ್ಟದ್ದು. ಇವತ್ತು ನಿಮಗೆ ಒಬ್ಬರಿಗೆ ಹೂಂ ಅಂದ್ರೆ ನಾಳೆ ನೂರು ಜನ ಈ ಟೆಂಟಿಗೆ ಬರ್ತಾರಂತೆ. ಮಾಫ್ ಮಾಡಿ ಅಂತಾರೆ.”

ವೈಲೆಟ್ ಏನೋ ಹೇಳಲು ಬಾಯಿ ತೆರೆದಳು. ಹೊಲಿಗೆಯ ಅರಬ್ಬಿ ಬಿಟ್ಟು ಬೇರೇನೂ ಬರಲಿಲ್ಲ. ಎದ್ದು, ತಲೆಬಾಗಿಸಿ “ಶುಕ್ರನ್” ಎಂದು ವಂದನೆಯನ್ನಷ್ಟೇ ಹೇಳಿ ಹೊರಗೆ ಬಂದಳು. ಸಿಟ್ಟು ಬಂದಿದ್ದರೆ ಸುಲಭವಿತ್ತು. ಅವರು ಸಿಟ್ಟಿಗೂ ಜಾಗ ಇಡಲಿಲ್ಲ. ಪಾತು ಅವಳ ಬೆನ್ನ ಮೇಲೆ ಕೈಯಿಟ್ಟು ನಡೆಸಿಕೊಂಡು ಹೋದಳು. ಮೂವರೂ ಪಿಕಪ್ಪಿನ ಹತ್ತಿರ ಬಂದಾಗ ಮೊಯ್ದೀನ್ ಕುಂಞಿ ಕೀಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

“ಯಾ ಅಲ್ಲಾ. ಅದೆಂತ?”

ಉತ್ತರದ ಕಡೆ, ಸಿಟಿ ಇರುವ ಕಡೆ, ಭೂಮಿ ಎದ್ದು ನಿಂತಿತ್ತು.

ವೈಲೆಟಳಿಗೆ ಮೊದಲು ಅದು ಬೆಟ್ಟವೆಂದೇ ಕಂಡಿತು. ಬೆಟ್ಟವಿಲ್ಲದ ದೇಶದಲ್ಲಿ ಬೆಟ್ಟ ಎಲ್ಲಿಂದ ಬಂತು ಎಂದು ಯೋಚಿಸುವಷ್ಟರಲ್ಲಿ ಅದು ನಡೆಯುತ್ತಿದೆಯೆಂದು ಗೊತ್ತಾಯಿತು. ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೋಡೆ. ಬುಡ ಕಾವಿಯ ಬಣ್ಣ, ಮೇಲೆ ಹೋದಂತೆ ಕಿತ್ತಳೆ. ಅದರ ಮೈಯೆಲ್ಲ ಹೂಕೋಸಿನಂತೆ ಉಬ್ಬಿ, ಮಡಚಿ, ಮತ್ತೆ ಉಬ್ಬುತ್ತಿತ್ತು. ಸದ್ದು ಮಾತ್ರ ಇಲ್ಲ. ಗಾಳಿಯೂ ಇಲ್ಲ. ಎಣ್ಣೆಯ ಪಂಪುಗಳು, ದೂರದ ವಿದ್ಯುತ್ ಕಂಬಗಳು, ಒಂದು ನೀರಿನ ಟ್ಯಾಂಕು ಒಂದೊಂದಾಗಿ ಅದರೊಳಗೆ ಸದ್ದಿಲ್ಲದೆ ಮುಳುಗಿದವು. ಹಕ್ಕಿಗಳು ಅದರ ಮುಂದೆ ಮುಂದೆ ಹಾರಿ ಬರುತ್ತಿದ್ದವು. ಮೂಡಬಿದಿರೆಯ ಗುಡುಗು, ಪಣಂಬೂರಿನ ಕಡಲು, ಏನೆಲ್ಲ ಕಂಡವಳು ವೈಲೆಟ್. ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ಭಯಪಡಲು ಕೂಡ ಅವಳಿಗೆ ಮರೆತುಹೋಯಿತು. ಬಾಯಿ ತೆರೆದು ನಿಂತೇ ಇದ್ದಳು. ಆಮೇಲೆ ಹೊಳೆಯಿತು: ಅದು ಬರುತ್ತಿರುವುದು ಮನೆಯ ಕಡೆಯಿಂದ. ಜಾನಿಸ್, ಮಥಾಯಸ್ ಈಗಾಗಲೇ ಅದರ ಹೊಟ್ಟೆಯೊಳಗಿದ್ದಾರೆ. ಫೋನ್ ಒತ್ತಿದಳು. ಹೋಗಲಿಲ್ಲ.

“ತೋಜ್! ತೋಜ್!” ಎಂದು ಕೂಗುತ್ತ ಬು ಜಾಸಿಮ್ ಟೆಂಟಿನಿಂದ ಬರಿಗಾಲಲ್ಲಿ ಓಡಿಬಂದರು. ಧೂಳಿನ ಬಿರುಗಾಳಿಗೆ ಆ ಜನ ಹೇಳುವ ಮಾತು ಅದು. ಪಿಕಪ್ಪಿನ ಬಾಗಿಲನ್ನು ಅವರೇ ದೂಡಿ ಮುಚ್ಚಿದರು. “ಎಲ್ಲಿಗೆ ಹೋಗ್ತೀರಿ? ರಸ್ತೆಯಲ್ಲಿ ಸಾಯ್ತೀರಿ! ಉಗ್ರಾಣಕ್ಕೆ! ಯಲ್ಲಾ, ಯಲ್ಲಾ!”

ಟೆಂಟಿನಿಂದ ಮಕ್ಕಳು, ಹೆಂಗಸರು, ತಗಡಿನ ಕೊಠಡಿಗಳಿಂದ ಆಳುಗಳು, ಅಡುಗೆಯವನು, ಡ್ರೈವರು, ಎಲ್ಲರೂ ಉಗ್ರಾಣಕ್ಕೆ ನುಗ್ಗಿದರು. ಆಲೂಗಡ್ಡೆಯ ಚೀಲಗಳ, ಟೊಮೆಟೊ ಕ್ರೇಟುಗಳ ಸಂದಿಯಲ್ಲಿ ಸಿಕ್ಕಿದಲ್ಲಿ ಕುಳಿತರು. ಯಾರೋ ಕಬ್ಬಿಣದ ಬಾಗಿಲು ಎಳೆಯುತ್ತಿದ್ದಂತೆ ಗಾಳಿ ಬಂತು. ಒಂದೇ ಏಟಿಗೆ ಬಂತು. ಬಲ್ಬು ಆರಿತು. ಮೇಲಿನ ಸಣ್ಣ ಕಿಂಡಿಯಲ್ಲಿ ಬೆಳಕು ಕೆಂಪಾಯಿತು, ರಕ್ತದಂತಾಯಿತು, ಆಮೇಲೆ ಇಲ್ಲವಾಯಿತು. ಸಂಜೆಯ ಚಹಾದ ಹೊತ್ತು. ಕೈ ಎದುರಿಗೆ ಹಿಡಿದರೆ ಕೈ ಕಾಣದು.

ಸಂದುಗೊಂದುಗಳಿಂದ ಧೂಳು ಒಳಗೆ ಸುರಿಯಿತು. ಹಚ್ಚಿದ ಮೊಬೈಲಿನ ಬೆಳಕೂ ಒಂದು ಗೇಣು ದಾಟದೆ ಧೂಳಿನಲ್ಲೇ ಕರಗಿತು. ಮಕ್ಕಳು ಅಳುವುದನ್ನೂ ಬಿಟ್ಟು ಕೆಮ್ಮಿದರು. ವೈಲೆಟಳ ಎಡಗಡೆ ಯಾರೋ ಉಸಿರಿಗಾಗಿ ಒದ್ದಾಡುತ್ತಿದ್ದರು. ಕೈ ಚಾಚಿ ಮುಟ್ಟಿದಳು: ಗಾಲಿಕುರ್ಚಿಯ ಕಬ್ಬಿಣ, ಅದರಲ್ಲಿ ಹಕ್ಕಿಯಷ್ಟು ಹಗುರದ ಒಂದು ಮುದುಕಿಯ ಮೈ. “ಪಾತು, ನೀರು!” ಎಂದು ಕೂಗಿದಳು. ಪಾತುವಿನ ಕೈಯಲ್ಲಿದ್ದ ಬಾಟ್ಲಿ ಕತ್ತಲೆಯಲ್ಲಿ ಕೈಯಿಂದ ಕೈಗೆ ದಾಟಿ ಬಂತು. ತನ್ನ ದುಪಟ್ಟಾ ಒದ್ದೆ ಮಾಡಿ ಮುದುಕಿಯ ಮೂಗು ಬಾಯಿಗೆ ಹಗುರವಾಗಿ ಹಿಡಿದು, ಅವಳ ತಲೆಯನ್ನು ಎದೆಗೆ ಆನಿಸಿಕೊಂಡಳು. ಬಟ್ಟೆಯ ಮೂಲಕ ಉಸಿರು ಮೆಲ್ಲಗೆ ಹಾದಿಗೆ ಬಂತು.

“ಹಿಂದಿಯಾ?” ಎಂದು ಮುದುಕಿ ಬಟ್ಟೆಯೊಳಗಿಂದ ಕೇಳಿದಳು. ಇಂಡಿಯಾದವಳಾ?

“ಹೂಂ. ಮಂಗಳೂರು.”

“ಮಂಜಲೂರ್,” ಎಂದಳು ಮುದುಕಿ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಮಂಜಲೂರ್. ನನ್ನ ಅಪ್ಪ ಹಡಗಿನಲ್ಲಿ ಹೋಗುತ್ತಿದ್ದ. ಮರ ತರುತ್ತಿದ್ದ. ಮನೆಯ ಮಾಡಿಗೆ.” ಅರಬ್ಬಿಯ ಅಷ್ಟು ಮಾತು ವೈಲೆಟಳಿಗೂ ಅರ್ಥವಾಯಿತು. ಈ ಕತ್ತಲೆಯಲ್ಲಿ, ಈ ಮರಳಿನ ನಡುವೆ, ಹೆಸರು ಗೊತ್ತಿಲ್ಲದ ಒಂದು ಬಾಯಿಯಿಂದ ತನ್ನ ಊರಿನ ಹೆಸರು ಹೊರಬಂದದ್ದು ಕೇಳಿ ಅವಳ ಮೈಯ ರೋಮ ಎದ್ದು ನಿಂತಿತು.

ಬಾಗಿಲ ಹತ್ತಿರ ಬು ಜಾಸಿಮರ ದನಿ ಕೇಳಿತು. ಅವರು ಹೆಸರು ಕೂಗುತ್ತಿದ್ದರು. ಮೊದಲು ಮೊಮ್ಮಕ್ಕಳ ಹೆಸರು, ಆಮೇಲೆ ಆಳುಗಳ ಹೆಸರು. ಒಬ್ಬೊಬ್ಬರೂ ಕತ್ತಲೆಯ ಒಂದೊಂದು ಮೂಲೆಯಿಂದ “ಮೌಜೂದ್”, ಇದ್ದೇನೆ, ಎಂದು ಓಗೊಟ್ಟರು. ಮೊಯ್ದೀನನ ಹೆಸರು ಬಂತು, ಅವನ ಹೆಂಡತಿಯನ್ನೂ ಕೇಳಿದರು. ಆಮೇಲೆ, “ಖೈತಾನಿನ ಹೆಂಗಸು?”

ತನ್ನನ್ನೇ ಕರೆದದ್ದೆಂದು ವೈಲೆಟಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. “ಮೌಜೂದ್,” ಎಂದಳು.

“ತಿಮ್ಮಾ?”

ಯಾರೂ ಓಗೊಡಲಿಲ್ಲ.

“ತಿಮ್ಮಾ!”

“ಕಡೆಯ ಹಸಿರುಮನೆಯ ಪರದೆ ಇಳಿಸಲಿಕ್ಕೆ ಹೋದವನು ಬಾಬಾ. ವಾಪಸ್ ಬರಲಿಲ್ಲ,” ಎಂದು ಆಳೊಬ್ಬ ಹಿಂದಿಯಲ್ಲಿ ಹೇಳಿದ.

“ಕಳಿಸಿದವನು ನಾನು,” ಎಂದರು ಬು ಜಾಸಿಮ್. ಆಮೇಲೆ ಏನೋ ಎಳೆದಾಡುವ ಸದ್ದು. ಗಿಡಗಳಿಗೆ ನೀರು ಬಿಡುವ ಉದ್ದದ ರಬ್ಬರ್ ಪೈಪಿನ ಸುರುಳಿ ಅಲ್ಲಿತ್ತು. ಅದರ ತುದಿಯನ್ನು ಅವರು ಸೊಂಟಕ್ಕೆ ಬಿಗಿಯುತ್ತಿದ್ದಾರೆಂದು ಮೊಯ್ದೀನ್ ಕುಂಞಿ ತಡವಿ ತಿಳಿದು ಪಿಸುಗುಟ್ಟಿದ. ಆಳುಗಳು ತಾವು ಹೋಗುತ್ತೇವೆಂದು ಗಲಾಟೆ ಮಾಡಿದರು. ಅವರ ಮಗಳೊಬ್ಬಳು “ಯುಬಾ, ಬೇಡಪ್ಪಾ!” ಎಂದು ಅತ್ತಳು. ಅವರು ಯಾರ ಮಾತನ್ನೂ ಕೇಳಲಿಲ್ಲ. ಬಾಗಿಲು ಒಂದು ಗೇಣು ತೆರೆಯಿತು, ಗಾಳಿ ಬೊಬ್ಬಿಡುತ್ತ ಒಳಗೆ ಬಂತು, ಬಾಗಿಲು ಮುಚ್ಚಿತು. ಪೈಪು ನೆಲದ ಮೇಲೆ ಸರಸರ ಹರಿಯತೊಡಗಿತು.

“ಹಿಡಿಯಿರಿ, ಎಲ್ಲರೂ ಹಿಡಿಯಿರಿ!” ಎಂದ ಮೊಯ್ದೀನ್ ಕುಂಞಿ. ವೈಲೆಟ್ ಒಂದು ಕೈಯಲ್ಲಿ ಮುದುಕಿಯನ್ನು ಅಪ್ಪಿಕೊಂಡು ಇನ್ನೊಂದು ಕೈಗೆ ಪೈಪು ಸಿಕ್ಕಿಸಿಕೊಂಡಳು. ಅವಳ ಮುಂದೆ ಹಿಂದೆ ಎಷ್ಟೋ ಕೈಗಳು. ಧಣಿಯ ಮಗಳ ಕೈ ಯಾವುದು, ಆಳಿನ ಕೈ ಯಾವುದು ಗೊತ್ತಾಗುವಂತಿರಲಿಲ್ಲ. ಪೈಪಿನ ಮೂಲಕ ಹೊರಗಿನ ಮನುಷ್ಯನ ಹೆಜ್ಜೆ ಎಲ್ಲರ ಅಂಗೈಗೂ ಬರುತ್ತಿತ್ತು: ನಡೆದದ್ದು, ನಿಂತದ್ದು, ಎಡವಿದ್ದು. ಪಕ್ಕದಲ್ಲಿ ಪಾತು ಕುರಾನಿನ ಸಾಲುಗಳನ್ನು ಓದುತ್ತಿದ್ದಳು. ವೈಲೆಟ್ ‘ನಮಾನ್ ಮರಿಯೆ’ ಹೇಳಿದಳು. ಎಲ್ಲೋ ಮೂಲೆಯಲ್ಲಿ ಯಾರೋ “ರಾಮ ರಾಮ” ಎಂದ. ಅರ್ಧ ಗಂಟೆಯ ಹಿಂದೆ ಯಾರು ತನಗೆ ಇಲ್ಲವೆಂದಿದ್ದರೋ ಅವರಿಗಾಗಿ ಇಷ್ಟು ಗಟ್ಟಿಯಾಗಿ ಬೇಡುತ್ತಿದ್ದೇನೆಂಬುದು ಅವಳ ತಲೆಗೆ ಬರಲೇ ಇಲ್ಲ.

ಪೈಪು ನಿಂತಿತು. ತುಂಬ ಹೊತ್ತು ನಿಂತಿತು. ಆಮೇಲೆ ಮೂರು ಸಲ ಜೋರಾಗಿ ಜಗ್ಗಿತು.

ಎಲ್ಲರೂ ಎಳೆದರು. ಬಾಗಿಲು ತೆರೆದಾಗ ಇಬ್ಬರು ಒಟ್ಟಿಗೆ ಒಳಗೆ ಬಿದ್ದರು. ಡ್ರೈವರ್ ಮುಖದ ಹತ್ತಿರವೇ ಹಿಡಿದ ಮೊಬೈಲಿನ ಬೆಳಕಿನಲ್ಲಿ ಕಂಡದ್ದು ಮಣ್ಣಿನಿಂದ ಮಾಡಿದಂಥ ಎರಡು ಮೂರ್ತಿಗಳು. ರೆಪ್ಪೆ, ಗಡ್ಡ, ಬಟ್ಟೆ ಎಲ್ಲ ಒಂದೇ ಬಣ್ಣ. ಯಾರು ಧಣಿ, ಯಾರು ಆಳು?

“ಪರದೆ ಹರಿದು ಮೇಲೆ ಬಿತ್ತು, ಕಾಲು ಸಿಕ್ಕಾಕ್ಕೊಂಡ್ತು,” ಎಂದಿತು ಒಂದು ಮೂರ್ತಿ, ಕೆಮ್ಮುತ್ತ, ಅಪ್ಪಟ ಕೋಲಾರದ ಕಡೆಯ ಕನ್ನಡದಲ್ಲಿ. “ದಾರಿನೇ ಕಾಣ್ಲಿಲ್ಲ ಕಣಣ್ಣೋ. ಸತ್ತೆ ಅಂದ್ಕೊಂಡೆ. ಈವಯ್ಯ ಬಂದು ಕೈ ಹಿಡ್ಕೊಂಡ.” ಅವನ ಪೂರ್ತಿ ಹೆಸರು ತಿಮ್ಮರಾಯಪ್ಪ, ಚಿಂತಾಮಣಿಯವನು ಎಂದು ಆಮೇಲೆ ತಿಳಿಯಿತು.

ಗಾಳಿ ಇಳಿಯುವ ಹೊತ್ತಿಗೆ ಕಿಂಡಿಯಲ್ಲಿ ಮತ್ತೆ ಕೆಂಪು ಕಂಡಿತು, ಆಮೇಲೆ ಹಳದಿ. ನಾಲ್ಕು ಹನಿ ಮಳೆ ಬಿತ್ತು, ಬಿದ್ದದ್ದು ಕೆಸರು. ಬಾಗಿಲು ತೆರೆದು ಹೊರಗೆ ಬಂದವರು ಸುತ್ತ ನೋಡಿದರು. ಟೆಂಟು ಇರಲಿಲ್ಲ. ಹಸಿರುಮನೆಗಳ ಪ್ಲಾಸ್ಟಿಕ್ ಖರ್ಜೂರದ ಮರಗಳಿಗೆ ಸುತ್ತಿಕೊಂಡಿತ್ತು. ನೆಲ, ಮರ, ಗಾಡಿ, ಮನುಷ್ಯರು, ಎಲ್ಲದರ ಮೇಲೂ ಒಂದೇ ಕೈ ಒಂದೇ ಬಣ್ಣ ಸವರಿಹೋಗಿತ್ತು.

ಬು ಜಾಸಿಮ್ ಕಣ್ಣು ತೊಳೆದುಕೊಂಡು ತಾಯಿಯ ಗಾಲಿಕುರ್ಚಿಯ ಹತ್ತಿರ ಬಂದು ಮಂಡಿಯೂರಿದರು. ಆ ಮುದುಕಿ ಅವರ ತಾಯಿಯೆಂದು ವೈಲೆಟಳಿಗೆ ತಿಳಿದದ್ದು ಆಗ. ಅವಳ ದುಪಟ್ಟಾ ಇನ್ನೂ ಮುದುಕಿಯ ಕತ್ತಿನಲ್ಲೇ ಇತ್ತು.

“ಯಾರು ಇವಳು?” ಎಂದು ತಾಯಿ ಕೇಳಿದಳು.

“ಖೈತಾನಿನ ನಮ್ಮ ಕಟ್ಟಡದವಳು, ಯುಮ್ಮಾ. ಮನೆ ಉಳಿಸಿಕೊಡಿ ಎಂದು ಕೇಳಲು ಬಂದಿದ್ದಳು.”

“ನೀನು ಏನು ಹೇಳಿದೆ?”

ಅವರು ಸುಳ್ಳು ಹೇಳಬಹುದಿತ್ತು. “ಇಲ್ಲ ಎಂದೆ,” ಎಂದರು.

ತಾಯಿ ಕತ್ತಿನ ದುಪಟ್ಟಾವನ್ನು ಬೆರಳಲ್ಲಿ ಸವರಿದಳು. ಬು ಜಾಸಿಮ್ ಎದ್ದು ಉಗ್ರಾಣದ ಕಡೆ ನೋಡಿದರು. ಅದರೊಳಗಿಂದ ಇನ್ನೂ ಜನ ಒಬ್ಬೊಬ್ಬರಾಗಿ ಮೈ ಕೊಡವುತ್ತ ಹೊರಬರುತ್ತಿದ್ದರು. ಆಮೇಲೆ ಮೊಯ್ದೀನ್ ಕುಂಞಿಯನ್ನು ಕರೆದು ಸ್ವಲ್ಪವೇ ಮಾತಾಡಿದರು. ಮೊಯ್ದೀನ್ ಕುಂಞಿ ಮುಖದ ಧೂಳು ಒರೆಸಿಕೊಂಡು ವೈಲೆಟಳ ಕಡೆ ತಿರುಗಿದ.

“ನೂರು ಜನ ಬರ್ತಾರೆ ಅಂತ ಹೇಳಿದ್ದೆ, ಬರಲಿ ಅಂತಾರೆ ಬಾಯಿ. ಆದಿತ್ಯವಾರ ಬೆಳಿಗ್ಗೆ ಅವರೇ ಖೈತಾನಿಗೆ ಬರ್ತಾರಂತೆ. ನೀವು ಸಾಮಾನು ಕಟ್ಲಿಕ್ಕಿಲ್ಲ.”

ಹಿಂತಿರುಗುವ ದಾರಿ ಉದ್ದವಾಯಿತು. ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಂತ ಕಾರುಗಳು, ಮರಳಿನಲ್ಲಿ ಹೂತ ಫಲಕಗಳು. ಎಗೈಲಾ ದಾಟಿದ ಮೇಲೆ ಫೋನು ಜೀವ ತಾಳಿತು. “ಮಮ್ಮಿ! ವೇರ್ ಆರ್ ಯು? ಡ್ಯಾಡಿ ಈಸ್ ಕ್ರೈಯಿಂಗ್!” ಎಂದು ಜಾನಿಸ್ ಕಿರುಚಿದಳು. ಹಿಂದಿನಿಂದ ಮಥಾಯಸ್ ತಾನು ಅಳುತ್ತಿಲ್ಲವೆಂದು ವಾದಿಸುವುದು ಕೇಳಿಸಿತು. ಮನೆಯಲ್ಲಿ ಅವನು ಕಿಟಕಿಗಳಿಗೆಲ್ಲ ಒದ್ದೆ ಟವೆಲು ತುರುಕಿದ್ದ. ಆದರೂ ಹೊಲಿಗೆ ಯಂತ್ರ, ಅಕ್ಕಿಯ ಡಬ್ಬಿ, ಮಗಳ ಪುಸ್ತಕ, ಎಲ್ಲದರ ಮೇಲೂ ಅದೇ ಕಾವಿ ಹುಡಿ. ವೈಲೆಟ್ ಅದನ್ನು ಒರೆಸಲಿಲ್ಲ. ಗಂಡನ ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿ ಮುಗಿಸಿ, “ಬರ್ತಾರೆ ಅಂತ ನಿನಗೆ ನಂಬಿಕೆ ಉಂಟಾ?” ಎಂದ.

“ಆ ಕತ್ತಲೆಯಲ್ಲಿ ಅವರು ನನ್ನನ್ನೂ ಕರೆದ್ರು,” ಎಂದಳು ವೈಲೆಟ್.

ಭಾನುವಾರ ಬೆಳಿಗ್ಗೆ ಬು ಜಾಸಿಮ್ ಬಂದರು. ಲಿಫ್ಟು ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿದರು. ಹತ್ತಿ ಏದುಸಿರು ಬಿಡುತ್ತ, ಲಿಫ್ಟು ಎಷ್ಟು ದಿನದಿಂದ ಹೀಗಿದೆಯೆಂದು ಹಾರಿಸ್‌ನನ್ನು ಕೇಳಿದರು. ಅವನು ನೆಲ ನೋಡಿದ. ಸಿಟಿಯ ಆಫೀಸಿನಿಂದ ಬಂದ ಕೋಟಿನ ಮನುಷ್ಯನೂ ನೆಲ ನೋಡಿದ. ಮಗ್ದಲೀನ್ ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಬಂದಿದ್ದಳು. ನಿಧಿಯವರು ಒಪ್ಪಿಕೊಂಡಂತೆ ಬಾಕಿ ಬಾಡಿಗೆ ಕಟ್ಟಿದರು. ಬು ಜಾಸಿಮ್ ಅದನ್ನು ಬೇಡವೆನ್ನಲಿಲ್ಲ, ಪಡೆದುಕೊಂಡರು; ವ್ಯಾಪಾರಿಯಲ್ಲವೇ. ಆದರೆ ಕೇಸು ಹಿಂತೆಗೆದುಕೊಳ್ಳಲು ಅಲ್ಲೇ ಸಹಿ ಹಾಕಿದರು. ಬಾಡಿಗೆ ಹಳೆಯದೇ ಇರಲಿ, ಮಥಾಯಸನಿಗೆ ಕೆಲಸ ಸಿಗುವವರೆಗೆ ಕಟ್ಟಲಾದಷ್ಟು ಕಟ್ಟಲಿ ಎಂದರು. ಆಮೇಲೆ ಮಗ್ದಲೀನಳನ್ನು ಪಕ್ಕಕ್ಕೆ ಕರೆದು, ಈ ನಿಧಿ ಹೇಗೆ ನಡೆಯುತ್ತದೆ, ಯಾರು ಬಂದರೂ ಕೊಡುತ್ತೀರಾ, ತನ್ನ ಉಳಿದ ಕಟ್ಟಡಗಳಲ್ಲಿ ಇಂಥವರಿದ್ದರೆ ತಿಳಿಸುತ್ತೀರಾ ಎಂದು ವಿಚಾರಿಸಿದರು. ಹೋಗುವಾಗ ವೈಲೆಟಳ ಕೈಗೆ ಒಂದು ಪೊಟ್ಟಣ ಕೊಟ್ಟರು. ಒಗೆದು, ಇಸ್ತ್ರಿ ಹಾಕಿ, ಊದಿನ ಪರಿಮಳ ಹಿಡಿಸಿದ ಅವಳ ದುಪಟ್ಟಾ.

ಮಥಾಯಸನ ದೂರು ಮುಗಿಯಲು ಆ ಬೇಸಗೆ ಪೂರ್ತಿ ಬೇಕಾಯಿತು. ಪೂರ್ತಿ ದುಡ್ಡು ಸಿಗಲಿಲ್ಲ, ಅರ್ಧ ಸಿಕ್ಕಿತು. ಇಕಾಮಾ ಸರಿಯಾಗಿ ಎಗೈಲಾದ ಒಂದು ಮಾಲಿನ ಸ್ಟೋರಿಗೆ ಸೇರಿದ. ಜಾನಿಸ್ ಪಾಸಾದಳು.

ಆ ಬಿರುಗಾಳಿಯ ಚಿತ್ರಗಳು ಬಹಳ ದಿನ ಎಲ್ಲರ ಮೊಬೈಲುಗಳಲ್ಲಿ ಓಡಾಡಿದವು. ಪರೀಕ್ಷೆ ಮುಗಿದ ಸಂಜೆ ಜಾನಿಸ್ ಒಂದನ್ನು ತಾಯಿಗೆ ತೋರಿಸಿದಳು: ಸಮುದ್ರದಂಡೆಯ ಗೋಪುರಗಳ ಹಿಂದೆ ಎದ್ದು ನಿಂತ ಕಿತ್ತಳೆ ಗೋಡೆ. “ಸೋ ಸ್ಕೇರಿ, ನೋ? ನೀನು ನೋಡಿದ್ದು ದಿಸ್ ಓನ್ಲಿ ಅಲ್ವಾ, ಮಮ್ಮಿ?”

ವೈಲೆಟ್ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಇದನ್ನೂ ನೋಡಿದೆ,” ಎಂದಳು.

“ದೆನ್ ವಾಟ್ ಎಲ್ಸ್?”

ಅವಳು ಹೇಳಲು ಪ್ರಯತ್ನಿಸಿದಳು. ಕಾಣದ ಆ ಕೈಗಳು, ಅಂಗೈಗೆ ಬರುತ್ತಿದ್ದ ಆ ಮನುಷ್ಯನ ಹೆಜ್ಜೆ. ಮಗಳು ಕಾಯುತ್ತಿದ್ದಳು. ವೈಲೆಟ್ ಸೂಜಿಗೆ ನೂಲು ಪೋಣಿಸುತ್ತ, “ಅದರ ಫೋಟೋ ಯಾರೂ ತೆಗೀಲಿಲ್ಲ ಮಗಾ. ಅಲ್ಲಿ ಬೆಳಕೇ ಇರ್ಲಿಲ್ಲ,” ಎಂದಳು. ನಾಳೆ ಕೊಡಬೇಕಾಗಿದ್ದ ಅಬಾಯಾವನ್ನು ಯಂತ್ರದ ಕೆಳಗೆ ಸರಿಸಿದಳು.